ನಮ್ಮ ಋಣಕ್ಕೆ ಬಡ್ಡಿ ಐತಿ, ಕಾರ್ಖಾನೆ ಋಣಕ್ಕೆ ಯಾಕಿಲ್ಲ?



ಶಾಲೆಯಲ್ಲಿ ನಮ್ಮ ಮಕ್ಕಳು ಧನ ಸಂಖ್ಯೆ, ಋಣ ಸಂಖ್ಯೆ ಎಂಬ ಲೆಕ್ಕ ಕಲಿಯುತ್ತಾರೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಇದಕ್ಕೆ ಸೂತ್ರ ಬರೆದಾಗ ಸೊನ್ನೆಗಿಂತ ಮೇಲಿನದನ್ನು ಧನ ಎಂದ, ಕೆಳಗಿನದನ್ನು ಋಣ ಎಂದ. 9ನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯನೂ ‘ಗಣಿತಸಾರಸಂಗ್ರಹ’ದಲ್ಲಿ ಈ ಮಾತನ್ನೇ ಬಳಸಿದ. ಋಣ ಅಂದರೆ ಸಾಲ. ಸಾಲ ಏನೆಂದು ರೈತನಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅದರ ಲೆಕ್ಕವನ್ನು ಪೂರ್ತಿ ಹಾಕುವ ರೂಢಿ ನಮ್ಮಲ್ಲಿ ಕಡಿಮೆ.

ಮುಧೋಳ ಕಡೆಯ ಒಬ್ಬ ಕಬ್ಬು ಬೆಳೆಗಾರನ ಲೆಕ್ಕ ಹಿಡಿಯೋಣ. ಕಟಾವು, ಸಾಗಾಣಿಕೆ ಮುರಿದು ಕಾರ್ಖಾನೆಯಿಂದ ಬರಬೇಕಾದ್ದು 2,00,000 ರೂಪಾಯಿ. ಸೊಸೈಟಿ ಸಾಲ 1,50,000. ಗೊಬ್ಬರದ ಅಂಗಡಿ ಉದ್ದರಿ 70,000. ಎಲ್ಲ ಕೂಡಿಸಿದರೆ ಉಳಿಯುವುದು 20,000 ಋಣ. ಬಿಲ್ಲು ಬಂದ ದಿನ ಎರಡು ಲಕ್ಷದ ಧಣಿ ಅನಿಸ್ತದ. ಖರೇ ನೋಡಿದರ ಅವ ಸೊನ್ನೆಗಿಂತ ಕೆಳಗೇ ಅದಾನ. ಬನಹಟ್ಟಿಯ ನೇಕಾರ ಮುಂಗಡ ತಂದಾಗಲೂ ಹೀಗೇ: ಕೈಯಾಗಿನ ರೊಕ್ಕ ಧನ, ಹೆಗಲ ಮೇಲೆ ಅಷ್ಟೇ ಋಣ. ಹೊಸ ಸಾಲ ತಂದು ಹಳೇ ಸಾಲ ಮುಟ್ಟಿಸಿದರೆ ಸಾಲ ಮನೆ ಬದಲಿಸ್ತದ, ಕಡಿಮೆ ಆಗೂದಿಲ್ಲ. ಬೀಳಗಿ ಕಡೆ ಆಲಮಟ್ಟಿ ಹಿನ್ನೀರಿಗೆ ಹೊಲ ಹೋದವರ ಲೆಕ್ಕವಂತೂ ಇನ್ನೂ ಕಷ್ಟ. ಅಲ್ಲಿ ಋಣ ಎಕರೆಯಲ್ಲಿ, ಧನ ರೂಪಾಯಿಯಲ್ಲಿ. ಎರಡನ್ನು ಕೂಡಿಸುವುದು ಹೆಂಗ?

ಇನ್ನು ಮುಖ್ಯ ಮಾತು. ನಮ್ಮ ಪುಸ್ತಕದಲ್ಲಿ ಧನವಾಗಿರುವ ಆ 2,00,000 ಕಾರ್ಖಾನೆಯ ಪುಸ್ತಕದಲ್ಲಿ ಋಣ. ಕಬ್ಬು ಕೊಟ್ಟ ದಿನದಿಂದ ಬಿಲ್ಲು ಬರುವವರೆಗೆ ರೈತನೇ ಸಾಹುಕಾರ, ಕಾರ್ಖಾನೆ ಸಾಲಗಾರ. ಇದು ಬರೀ ಮಾತಲ್ಲ, ಕಾನೂನು. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ 14 ದಿನದೊಳಗೆ ಹಣ ಕೊಡಬೇಕು. ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಬೇಕು. 14 ದಿನ ದಾಟಿ 73 ದಿನ ತಡವಾದರೆ 2,00,000ಕ್ಕೆ ಬಡ್ಡಿ 6,000 ರೂಪಾಯಿ. ನಿಮ್ಮ ಬಿಲ್ಲಿನಲ್ಲಿ ಈ ಸಾಲು ಎಂದಾದರೂ ಕಂಡಿದ್ದೀರಾ?

ಅತ್ತ ಸೊಸೈಟಿ ಸಾಲಕ್ಕೆ ಶೂನ್ಯ ಬಡ್ಡಿ. 2023-24ರ ಬಜೆಟ್ಟಿನಲ್ಲಿ ಅದರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಒಳ್ಳೆಯದೇ. ಆದರೆ ಆ ಸೊನ್ನೆ ನಿಲ್ಲುವುದು ವಾಯಿದೆಯೊಳಗೆ ಕಟ್ಟಿದವನಿಗೆ ಮಾತ್ರ. ಬಿಲ್ಲು ತಡವಾಗಿ ವಾಯಿದೆ ತಪ್ಪಿದರೆ ಸೊನ್ನೆ ಹೋಗಿ ಬಡ್ಡಿ ಏಳುತ್ತದೆ. ತಪ್ಪು ಒಬ್ಬರದು, ದಂಡ ಇನ್ನೊಬ್ಬರಿಗೆ!

ಸಕ್ಕರೆ ಮಾರಿಲ್ಲ, ಬ್ಯಾಂಕು ಹಣ ಬಿಟ್ಟಿಲ್ಲ ಎಂದು ಕಾರ್ಖಾನೆಯವರು ಹೇಳಬಹುದು. ‘ಬಿಲ್ಲು ಬಂದಿಲ್ಲ’ ಎಂಬ ನಮ್ಮ ಮಾತಿಗೆ ಗೊಬ್ಬರದ ಅಂಗಡಿಯವ ಬಡ್ಡಿ ಬಿಡ್ತಾನೇನು?

ಜಮಖಂಡಿಯಿಂದ ರಬಕವಿವರೆಗೆ ಪ್ರತಿ ಕಬ್ಬು ಬೆಳೆಗಾರನ ಮನೆಯಲ್ಲಿ ಒಂದು ವಹಿ ಇರಲಿ. ಒಂದು ಬದಿಗೆ ಧನ, ಒಂದು ಬದಿಗೆ ಋಣ. ಕಬ್ಬು ತೂಕವಾದ ತಾರೀಖು, ಹಣ ಬಂದ ತಾರೀಖು. ಮಕ್ಕಳ ಕೈಯಲ್ಲೇ ಬರೆಸಿರಿ, ಪಾಠವೂ ಆದೀತು. ತೂಕದ ಚೀಟಿ ಜೋಪಾನ ಮಾಡಿರಿ. ತಡವಾದ ದಿನಗಳ ಬಡ್ಡಿ ಲೆಕ್ಕ ಹಾಕಿ, ಊರಿನವರೆಲ್ಲ ಸೇರಿ ಒಂದೇ ಅರ್ಜಿಯಲ್ಲಿ ಕೇಳಿರಿ. ನಾವು ಬೇಡುತ್ತಿರುವುದು ಸಹಾಯವಲ್ಲ. ನಮಗೆ ಬರಬೇಕಾದ ಬಾಕಿ.