ಉಪವಾಸವೂ ತೂಕದ ಯಂತ್ರವೂ

ಅಷ್ಟಮಿ, ಚತುರ್ದಶಿಗಳ ಉಪವಾಸಕ್ಕೆ ಈಚಿನ ವರ್ಷಗಳಲ್ಲಿ ಹೊಸದೊಂದು ಫಲಶ್ರುತಿ ಸೇರಿಕೊಂಡಿದೆ. ಉಪವಾಸದಿಂದ ಕರ್ಮನಿರ್ಜರೆಯಾಗುತ್ತದೆಂದು ಹಿರಿಯರು ಹೇಳುತ್ತಿದ್ದರು. ಸೊಂಟ ಸಣ್ಣದಾಗುತ್ತದೆಂದು ಈಗ ಹೇಳಲಾಗುತ್ತಿದೆ. ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಆಚಾರವನ್ನು ಜೀವದಯೆಗಾಗಿ ಪಾಲಿಸಿಕೊಂಡು ಬಂದ ಸಮಾಜಕ್ಕೆ ಅದೇ ಆಚಾರವನ್ನು 'ಇಂಟರ್‌ಮಿಟೆಂಟ್ ಫಾಸ್ಟಿಂಗ್' ಎಂಬ ಹೆಸರಿನಲ್ಲಿ ಮರಳಿ ಮಾರಲಾಗುತ್ತಿದೆ. ಕೊಂಡವರು ಹೆಮ್ಮೆಪಡುತ್ತಿದ್ದಾರೆ: ಇದೆಲ್ಲ ಪೂರ್ವಿಕರಿಗೆ ಆಗಲೇ ತಿಳಿದಿತ್ತಂತೆ! ಪೂರ್ವಿಕರಿಗೆ ತಿಳಿದಿದ್ದುದು ಬೇರೆಯೇ ಆಗಿತ್ತು.

ಇದು ಮಹಾನಗರಗಳ ವ್ಯಾಧಿಯೆಂದು ಸುಮ್ಮನಿರುವಂತಿಲ್ಲ. ಕೊಳ್ಳೇಗಾಲ, ಹನೂರು, ಯಳಂದೂರುಗಳ ಹುಡುಗಿಯ ಕೈಯಲ್ಲಿಯೂ ಬೆಂಗಳೂರಿನ ಹುಡುಗಿಯ ಕೈಯಲ್ಲಿರುವ ಮೊಬೈಲೇ ಇದೆ. ಅದರಲ್ಲಿ ಕಾಣುವ ದೇಹಗಳೂ ಅವೇ. ಮಳೆಯನ್ನೇ ನಂಬಿದ ಹನೂರಿನ ಹೊಲಗಳಲ್ಲಿ ರಾಗಿ ಬೆಳೆಯುವವರ ಮನೆಯಲ್ಲಿ ತೆಳ್ಳಗಿರುವುದು ಎಂದೂ ಸಾಧನೆಯೆನಿಸಿರಲಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿದೆ. ಇಂತಹ ದೇಶದಲ್ಲಿ ಊಟ ಬಿಟ್ಟ ಹೆಣ್ಣುಮಗಳನ್ನು ಹೊಗಳುವವರು ಯಾವುದನ್ನು ಹೊಗಳುತ್ತಿದ್ದಾರೆಂದು ಒಮ್ಮೆ ಯೋಚಿಸಬೇಕು.

ಈ ಸೀಮೆಗೆ ಸಮೀಪದ ಕನಕಗಿರಿ ಕ್ಷೇತ್ರದ ದೇವಚಂದ್ರನು 19ನೆಯ ಶತಮಾನದಲ್ಲಿ ರಚಿಸಿದ 'ರಾಜಾವಳಿ ಕಥೆ'ಯಲ್ಲಿ ಸಮಂತಭದ್ರಾಚಾರ್ಯರ ವೃತ್ತಾಂತ ಬರುತ್ತದೆ. ಆಚಾರ್ಯರಿಗೆ ಭಸ್ಮಕವ್ಯಾಧಿ ತಗಲಿತು. ಎಷ್ಟು ಉಂಡರೂ ಉರಿದು ಬೂದಿಯಾಗುವ ಹಸಿವು ಅದು. ಮುನಿಚರ್ಯೆಯಲ್ಲಿ ದೊರೆಯುವ ಒಂದು ಹೊತ್ತಿನ ಮಿತಾಹಾರಕ್ಕೆ ಅಡಗುವಂಥದ್ದಲ್ಲ. ಸಲ್ಲೇಖನಕ್ಕೆ ಅನುಮತಿ ನೀಡಬೇಕೆಂದು ಅವರು ಗುರುವನ್ನು ಬೇಡಿದರು. ಗುರು ಒಪ್ಪಲಿಲ್ಲ. ದೀಕ್ಷೆಯನ್ನು ಬದಿಗಿರಿಸಿ, ಎಲ್ಲಿಯಾದರೂ ಹೊಟ್ಟೆತುಂಬ ಉಂಡು ರೋಗವನ್ನು ಕಳೆದುಕೊಂಡು ಬಾ, ನಿನ್ನಿಂದ ಆಗಬೇಕಾದ ಧರ್ಮಕಾರ್ಯ ಬಹಳವಿದೆ ಎಂಬುದು ಆತನ ಆಜ್ಞೆಯಾಗಿತ್ತು. ಆಚಾರ್ಯರು ವೇಷ ಮರೆಸಿಕೊಂಡು ದೇವಾಲಯದ ನೈವೇದ್ಯವನ್ನುಂಡು ಗುಣಮುಖರಾದರು. ಹಸಿದ ದೇಹಕ್ಕೆ ಅನ್ನವಿಡುವುದು ಧರ್ಮಚ್ಯುತಿಯೆಂದು ಆ ಗುರು ಎಣಿಸಲಿಲ್ಲವೆಂಬುದನ್ನು ಈ ಕಥೆಯನ್ನು ಭಕ್ತಿಯಿಂದ ಕೇಳುವವರು ಮರೆಯುತ್ತಾರೆ.

ಅದೇ ಸಮಂತಭದ್ರರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಎಂಟು ಮದಗಳನ್ನು ಎಣಿಸಿದ್ದಾರೆ. ಜ್ಞಾನ, ಪೂಜೆ, ಕುಲ, ಜಾತಿ, ಬಲ, ಐಶ್ವರ್ಯಗಳ ಬಳಿಕ ಕೊನೆಯಲ್ಲಿ ಬರುವ ಎರಡು ತಪಸ್ಸು ಮತ್ತು ಶರೀರ. ತಪಸ್ಸಿನ ಮದವೂ ರೂಪದ ಮದವೂ ಅಕ್ಕಪಕ್ಕದಲ್ಲಿ ಕುಳಿತಿವೆ. ತೂಕ ಇಳಿಸುವುದಕ್ಕಾಗಿ ಪರ್ವದ ದಿನ ಉಪವಾಸವಿದ್ದು, ಇಳಿದ ಕಿಲೋಗಳ ಲೆಕ್ಕವನ್ನು ನಂಟರಿಗೆಲ್ಲ ಹೇಳಿಕೊಳ್ಳುವವರು ಈ ಎರಡು ಮದಗಳಿಗೂ ಒಂದೇ ದಿನದಲ್ಲಿ ಪಾರಣೆ ಮಾಡಿಸುತ್ತಾರೆ. ವ್ರತದ ಫಲವಾಗಿ ಭೋಗವನ್ನು ಬಯಸುವುದು ನಿದಾನ. ಮಾಯೆ, ಮಿಥ್ಯಾತ್ವಗಳೊಡನೆ ಅದೂ ಒಂದು ಶಲ್ಯ. ಶಲ್ಯವಿರುವವನು ವ್ರತಿಯಲ್ಲವೆಂಬುದು ತತ್ತ್ವಾರ್ಥಸೂತ್ರದ ಸ್ಪಷ್ಟ ನಿಲುವು. ಕನ್ನಡಿಯಲ್ಲಿ ಚೆಂದ ಕಾಣಬೇಕೆಂಬ ಬಯಕೆ ನಿದಾನವಲ್ಲದೆ ಮತ್ತೇನು?

ಇಲ್ಲಿ ಒಂದು ಆಕ್ಷೇಪ ಬರಬಹುದು. ದೇಹವನ್ನು ತುಚ್ಛವೆಂದು ಕಾಣಲು ಧರ್ಮವೇ ಕಲಿಸಿಲ್ಲವೇ? ಅಶುಚಿ ಅನುಪ್ರೇಕ್ಷೆ ಇರುವುದೇತಕ್ಕೆ? ಆಕ್ಷೇಪ ಹಗುರವಾದುದಲ್ಲ. ಆದರೆ ಆ ಅನುಪ್ರೇಕ್ಷೆ ದಪ್ಪ ದೇಹವನ್ನು ಹೀನವೆಂದೂ ತೆಳು ದೇಹವನ್ನು ಪವಿತ್ರವೆಂದೂ ವಿಂಗಡಿಸುವುದಿಲ್ಲ. ಎಲ್ಲ ದೇಹಗಳನ್ನೂ ಒಂದೇ ದೃಷ್ಟಿಯಿಂದ ಕಾಣಿಸಿ, ಅವುಗಳ ಮೇಲಿನ ಮೋಹವನ್ನು ಸಡಿಲಿಸುವುದು ಅದರ ಉದ್ದೇಶ. ದಿನಕ್ಕೆ ಹತ್ತು ಬಾರಿ ಕನ್ನಡಿಯ ಮುಂದೆ ನಿಂತು ತನ್ನ ತೋಳನ್ನು ಹಿಸುಕಿ ಹಳಿದುಕೊಳ್ಳುವ ಹುಡುಗಿಗೆ ಮೋಹ ಸಡಿಲವಾಗಿಲ್ಲ, ಬಿಗಿಯಾಗಿದೆ. ದ್ವೇಷವೂ ರಾಗದಷ್ಟೇ ಕರ್ಮಬಂಧಕ.

981ರ ಸುಮಾರಿಗೆ ಶ್ರವಣಬೆಳಗೊಳದ ಬೆಟ್ಟದ ಮೇಲೆ ಬಾಹುಬಲಿಯನ್ನು ಕಡೆದ ಶಿಲ್ಪಿಯನ್ನಾದರೂ ನೆನೆಯಬೇಕು. ಒಂದು ವರ್ಷ ನಿರಾಹಾರನಾಗಿ ನಿಂತವನ ಮೂರ್ತಿ ಅದು. ಬಳ್ಳಿಗಳನ್ನು ಕೆತ್ತಿದ ಉಳಿ ಪಕ್ಕೆಲುಬುಗಳನ್ನು ಕೆತ್ತಲಿಲ್ಲ. ತುಂಬಿದ ಭುಜ, ತುಂಬಿದ ತೊಡೆ, ಶಾಂತವಾದ ಮುಖ. ಕೃಶತೆಯನ್ನೇ ತಪಸ್ಸಿನ ಗುರುತೆಂದು ಜೈನ ಶಿಲ್ಪ ಒಪ್ಪಿಕೊಳ್ಳಲಿಲ್ಲ.

ಮಿತಾಹಾರವನ್ನು ಅಲ್ಲಗಳೆಯುವ ಮಾತಲ್ಲ ಇದು. ಆರು ಬಾಹ್ಯತಪಗಳಲ್ಲಿ ಅವಮೌದರ್ಯವೂ ಒಂದು. ಪುರುಷನ ಪೂರ್ಣಾಹಾರವನ್ನು 32 ತುತ್ತುಗಳೆಂದು ಗಣಿಸಿ, ಅದಕ್ಕಿಂತ ಒಂದು ತುತ್ತು ಕಡಿಮೆಯುಂಡರೂ ಅದು ಅವಮೌದರ್ಯವೆಂದು ಶಾಸ್ತ್ರ ಹೇಳುತ್ತದೆ. ಒಂದೇ ತುತ್ತು! ಕ್ಯಾಲೊರಿಯ ಪಟ್ಟಿಗೆ ಇಷ್ಟು ಔದಾರ್ಯವಿಲ್ಲ. ಮಧುಮೇಹಿಯೊಬ್ಬರು ವೈದ್ಯರ ಮಾತಿನಂತೆ ಪಥ್ಯ ಮಾಡುವುದೂ ಯೋಗ್ಯವೇ. ಅದನ್ನು ಪಥ್ಯವೆಂದು ಕರೆದರಾಯಿತು, ತಪಸ್ಸಿನ ಹೆಸರು ಬೇಡ.

ಯಳಂದೂರಿನ ಸಂಚಿಯ ಹೊನ್ನಮ್ಮ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಹದಿಬದೆಯ ಧರ್ಮ'ವನ್ನು ಬರೆದು, ಹೆಣ್ಣೆಂದು ಹೀಗಳೆಯುವವರನ್ನು ಪ್ರಶ್ನಿಸಿದಳು. ಮೂರು ಶತಮಾನಗಳ ಬಳಿಕ ಹೀಗಳೆಯುವ ಬಾಯಿ ಮುಚ್ಚಿಲ್ಲ, ನೆಪ ಮಾತ್ರ ಬದಲಾಗಿದೆ. ಮದುವೆಗೆ ಮುನ್ನ ಐದು ಕಿಲೋ ಇಳಿಸಬೇಕೆಂದು ಹುಡುಗಿಗೆ ಹೇಳುವ ಅತ್ತೆ, ಚಿಕ್ಕಮ್ಮಂದಿರು ಅಹಿಂಸಾಣುವ್ರತ ಧರಿಸಿದವರೇ ಆಗಿರುತ್ತಾರೆ. ನೀರನ್ನು ಸೋಸಿ ಕುಡಿಯುವ ನಾಲಿಗೆಗೆ ಮಾತನ್ನು ಸೋಸುವ ಅಭ್ಯಾಸವಾಗಿಲ್ಲ.

ದಶಲಕ್ಷಣ ಪರ್ವದಲ್ಲಿ ದೀರ್ಘ ಉಪವಾಸ ಕೈಗೊಳ್ಳಲು ಹದಿಹರೆಯದವರು ಮುಂದೆ ಬಂದಾಗ, ಸನ್ಮಾನದ ಶಾಲು ಸಿದ್ಧಪಡಿಸುವ ಮೊದಲು ಬಸದಿಯ ಹಿರಿಯರು ಕೆಲವು ಪ್ರಶ್ನೆ ಕೇಳಬೇಕಾಗಿದೆ. ಈ ಮಗು ಪಾರಣೆಯ ದಿನವೂ ತಟ್ಟೆಗೆ ಹೆದರುತ್ತದೆಯೇ? ತಲೆಸುತ್ತು ಬರುತ್ತಿದೆಯೇ? ಮುಟ್ಟು ನಿಂತಿದೆಯೇ? ಹೌದೆಂದಾದರೆ ವ್ರತವನ್ನು ಕೊಡದೆ, ತಾಯಿಯನ್ನು ಜೊತೆಗೂಡಿಸಿ ವೈದ್ಯರ ಬಳಿಗೆ ಕಳುಹಿಸಬೇಕು. ಸಮಂತಭದ್ರರ ಗುರು ಮಾಡಿದ್ದೂ ಹೆಚ್ಚುಕಡಿಮೆ ಅದನ್ನೇ.