ವೈದ್ಯ ಸಹಾಯಕರ ಶಿಕ್ಷಣವೂ ಕನ್ನಡವೂ

ರೋಗವನ್ನು ನಿರ್ಣಯಿಸುವವರು ವೈದ್ಯರು. ಆ ನಿರ್ಣಯಕ್ಕೆ ಆಧಾರವಾದ ಚಿತ್ರವನ್ನು ತೆಗೆದುಕೊಡುವವರು ಎಕ್ಸ್-ರೇ ತಂತ್ರಜ್ಞರು. ಹಲ್ಲನ್ನು ಕೀಳುವವರು ದಂತವೈದ್ಯರು. ಇಕ್ಕಳವನ್ನು ಶುದ್ಧಗೊಳಿಸಿ ಅವರ ಕೈಗೆ ಕೊಡುವವರು ಸಹಾಯಕರು. ಲೋಕವು ಮೊದಲನೆಯವರಿಗೆ ಕೈಮುಗಿಯುತ್ತದೆ. ಎರಡನೆಯವರ ಹೆಸರನ್ನೂ ಕೇಳುವುದಿಲ್ಲ. ಈ ಅನಾದರವು ಕೇವಲ ಶಿಷ್ಟಾಚಾರದ ಲೋಪವಲ್ಲ. ಸಹಾಯಕರ ಶಿಕ್ಷಣವನ್ನು ಹಗುರವಾಗಿ ಕಾಣುವುದಕ್ಕೆ ಇದೇ ಮೂಲಕಾರಣವಾಗಿದೆ.

1895ನೆಯ ನವೆಂಬರ್ 8ರಂದು ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ನಗರದಲ್ಲಿ ವಿಲ್ಹೆಲ್ಮ್ ರಂಟ್ಗೆನ್ನರು ಈ ಕಿರಣವನ್ನು ಕಂಡರು. ಅದರ ಸ್ವರೂಪ ತಿಳಿಯದ್ದರಿಂದ ಬೀಜಗಣಿತದ ಅಜ್ಞಾತ ಸಂಖ್ಯೆಯ ಅಕ್ಷರವನ್ನೇ ಅದಕ್ಕೆ ಇಟ್ಟರು. ಕನ್ನಡವು ಅದೇ ಅರ್ಥವನ್ನು ಹಿಡಿದು ‘ಕ್ಷ-ಕಿರಣ’ವೆಂದು ಕರೆಯಿತು. 1896ರಲ್ಲಿಯೇ ಒಟ್ಟೊ ವಾಲ್ಕ್‌ಹಾಫರು ತಮ್ಮ ಹಲ್ಲುಗಳ ಚಿತ್ರವನ್ನು ಪಡೆದರು. ಅದಕ್ಕಾಗಿ 25 ನಿಮಿಷಗಳ ಕಾಲ ಕಿರಣದ ಮುಂದೆ ಅಲುಗಾಡದೆ ಇರಬೇಕಾಯಿತು. ಆ ಕಾಲದ ಅಜ್ಞಾನಕ್ಕೆ ತೆತ್ತ ಬೆಲೆ ಅಲ್ಪವಲ್ಲ. ಎಡಿಸನ್ನರ ಸಹಾಯಕರಾಗಿದ್ದ ಕ್ಲಾರೆನ್ಸ್ ಡ್ಯಾಲಿಯವರು ಕಿರಣದಿಂದ ಕೈಗಳನ್ನು ಕಳೆದುಕೊಂಡು 1904ರಲ್ಲಿ ಮಡಿದರು. ದಂತ ಚಿಕಿತ್ಸೆಗೆ ಮಹಿಳಾ ಸಹಾಯಕಿಯರನ್ನು ನೇಮಿಸಿಕೊಂಡ ಮೊದಲಿಗರಲ್ಲಿ ಒಬ್ಬರಾದ ಅಮೆರಿಕದ ಎಡ್ಮಂಡ್ ಕೆಲ್ಸರು, ತಮ್ಮ ಕೈಯನ್ನೇ ಒಡ್ಡಿ ಯಂತ್ರವನ್ನು ಪರೀಕ್ಷಿಸುತ್ತಿದ್ದುದರಿಂದ ಬೆರಳುಗಳನ್ನೂ ಕೈಯನ್ನೂ ಕಳೆದುಕೊಂಡು 1928ರಲ್ಲಿ ತೀರಿಕೊಂಡರು.

ಇಂದಿನ ಯಂತ್ರಗಳು ಸುರಕ್ಷಿತವೇನೋ ಸರಿ. ಆದರೆ ಅವುಗಳ ಸುರಕ್ಷತೆ ನಿಂತಿರುವುದು ನಡೆಸುವವರ ತಿಳಿವಳಿಕೆಯ ಮೇಲೆ. ಕಾಲವನ್ನು ಕಡಿಮೆಮಾಡು, ದೂರವನ್ನು ಹೆಚ್ಚಿಸು, ಸೀಸದ ತಡೆಯನ್ನು ಇಡು ಎಂಬ ಮೂರು ಸೂತ್ರಗಳೇ ವಿಕಿರಣ ರಕ್ಷಣೆಯ ಸಾರ. ದೂರ ಇಮ್ಮಡಿಯಾದರೆ ಕಿರಣದ ತೀವ್ರತೆ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆಂಬುದನ್ನು ಅರಿತವರು ಅನಾವಶ್ಯಕವಾಗಿ ಯಂತ್ರದ ಬಳಿ ನಿಲ್ಲುವುದಿಲ್ಲ. ಹಾಗೆಯೇ, ಉಪಕರಣಗಳನ್ನು ಹಬೆಯ ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕನಿಷ್ಠ 15 ನಿಮಿಷ ಇಡಬೇಕೆಂಬ ನಿಯಮದ ಕಾರಣವನ್ನು ಬಲ್ಲ ದಂತ ಸಹಾಯಕರು, ರೋಗಿಗಳ ಸಾಲು ಎಷ್ಟೇ ಉದ್ದವಿದ್ದರೂ ಐದು ನಿಮಿಷಕ್ಕೆ ತೆಗೆಯುವುದಿಲ್ಲ. ಕಾರಣ ತಿಳಿಯದವರಿಗೆ ನಿಯಮವು ಬರಿಯ ಹೊರೆ. ಯಾರೂ ನೋಡದಾಗ ಹೊರೆಯನ್ನು ಇಳಿಸುವುದು ಮನುಷ್ಯಸ್ವಭಾವ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. 1983ರಲ್ಲಿ ಸ್ಥಾಪಿತವಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು, ವಿಕಿರಣದ ನಡುವೆ ದುಡಿಯುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಎಂಬ ಮಿತಿಯನ್ನು ವಿಧಿಸಿದೆ. ಎದೆಯ ಮೇಲೆ ಧರಿಸುವ ಪುಟ್ಟ ಬಿಲ್ಲೆಯು ಆ ಲೆಕ್ಕವನ್ನು ಇಡುತ್ತದೆ. 2021ರಲ್ಲಿ ಸಂಸತ್ತು ವೈದ್ಯಕೀಯ ಸಹವೃತ್ತಿಗಳಿಗಾಗಿಯೇ ಒಂದು ರಾಷ್ಟ್ರೀಯ ಆಯೋಗದ ಕಾಯಿದೆಯನ್ನು ಅಂಗೀಕರಿಸಿತು. ಕಾನೂನಿಗೆ ಮಾನ್ಯರಾದವರು ಸಮಾಜಕ್ಕೂ ಮಾನ್ಯರಾಗಬೇಕಾದುದು ನ್ಯಾಯ.

ಕರ್ನಾಟಕದಲ್ಲಿ ಪ್ಯಾರಾಮೆಡಿಕಲ್ ಬೋರ್ಡು ಡಿಪ್ಲೊಮಾ ಶಿಕ್ಷಣವನ್ನು ಏರ್ಪಡಿಸಿದ ಮೇಲೆ ಹಳ್ಳಿಯ ಮಕ್ಕಳಿಗೂ ಈ ವೃತ್ತಿಗಳ ಬಾಗಿಲು ತೆರೆಯಿತು. ಆದರೆ ಆ ಬಾಗಿಲಿನ ಹೊಸ್ತಿಲು ಇಂಗ್ಲಿಷಿನದು. ಹತ್ತು ವರ್ಷ ಕನ್ನಡದಲ್ಲಿ ಓದಿ ಬಂದ ವಿದ್ಯಾರ್ಥಿಯು ವಿಕಿರಣದ ಪಾಠವನ್ನು ಅರಿಯದ ನುಡಿಯಲ್ಲಿ ಉರುಹಚ್ಚಿ ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು, ಅರ್ಹತಾಪತ್ರವೂ ದೊರೆಯಬಹುದು. ಉರುಹಚ್ಚಿದ ವಾಕ್ಯವು ಪರೀಕ್ಷೆಯ ಮರುದಿನ ಮರೆತುಹೋಗುತ್ತದೆ; ಯಂತ್ರವು ಮಾತ್ರ ಮೂವತ್ತು ವರ್ಷ ಎದುರಿಗಿರುತ್ತದೆ.

ಪಾರಿಭಾಷಿಕ ಪದಗಳು ಕನ್ನಡದಲ್ಲಿಲ್ಲ, ಇದ್ದರೂ ಉದ್ಯೋಗ ದೊರೆಯುವ ಆಸ್ಪತ್ರೆಗಳಲ್ಲಿ ಅವು ನಡೆಯುವುದಿಲ್ಲ ಎಂಬ ಆಕ್ಷೇಪವುಂಟು. ಅದರಲ್ಲಿ ಅರ್ಧ ಸತ್ಯವಿದೆ. ‘ಫಿಲ್ಮು’, ‘ಸೆನ್ಸರ್’, ‘ಕ್ಯಾಸೆಟ್’ಗಳನ್ನು ಬಲವಂತವಾಗಿ ಸಂಸ್ಕೃತಕ್ಕೆ ಎಳೆದುತರುವುದು ಪಾಂಡಿತ್ಯವಲ್ಲ, ಹಟ. ಪದಗಳು ಇದ್ದಂತೆಯೇ ಇರಲಿ; ವಿವರಣೆ ಮಾತ್ರ ಕನ್ನಡದಲ್ಲಿರಲಿ. ಮೇಲಾಗಿ, ತಂತ್ರಜ್ಞರ ಕೆಲಸದ ಅರ್ಧಭಾಗ ಮಾತಿನಲ್ಲಿದೆ. ‘ಉಸಿರು ಬಿಗಿಹಿಡಿಯಿರಿ, ಅಲುಗಬೇಡಿ’ ಎಂದು ಮುದುಕರಿಗೆ ಹೇಳುವುದು ಯಾವ ನುಡಿಯಲ್ಲಿ? ಗರ್ಭಿಣಿಯೇ ಎಂದು ತರುಣಿಯೊಬ್ಬಳನ್ನು ಸಂಕೋಚವಾಗದಂತೆ ಕೇಳುವುದು ಯಾವ ನುಡಿಯಲ್ಲಿ? ಈ ಪ್ರಶ್ನೆಯನ್ನು ಕೇಳದೆ ಬಿಟ್ಟರೆ ಅಪಾಯವಿರುವುದು ಕಣ್ಣಿಗೆ ಕಾಣದ ಕಂದನಿಗೆ. ರೋಗಿಯೊಡನೆ ಕನ್ನಡವೇ ಬೇಕಾದಲ್ಲಿ, ಪಾಠದಲ್ಲಿ ಅದು ಬೇಡವೆನ್ನುವುದು ಎಂತಹ ತರ್ಕ?

ಆದುದರಿಂದ ಮೂರು ಕಾರ್ಯಗಳು ಆಗಬೇಕಾಗಿವೆ. ಉಪಾಧ್ಯಾಯರು ಹತ್ತನೆಯ ತರಗತಿಯಲ್ಲಿಯೇ ಈ ವೃತ್ತಿಗಳ ಪರಿಚಯ ಮಾಡಿಕೊಡಲಿ; ಕೆಲಸ ಕಲಿಯಲು ಆಸ್ಪತ್ರೆಯೇ ಇಲ್ಲದ ಸಂಸ್ಥೆಗಳಿಗೆ ಶುಲ್ಕ ತೆತ್ತು ಮೋಸಹೋಗದಂತೆ ಎಚ್ಚರಿಸಲಿ. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ಭಾಷಾ ಉಪಾಧ್ಯಾಯರೊಡನೆ ಕುಳಿತು ನೂರು ಪುಟಗಳ ಒಂದು ಕನ್ನಡ ಕೈಪಿಡಿಯನ್ನು ಸಿದ್ಧಪಡಿಸಲಿ. ದಾನಿಗಳು ಕಟ್ಟಡದ ಕಲ್ಲಿನ ಮೇಲೆ ಹೆಸರು ಕೆತ್ತಿಸುವ ಹಣದಲ್ಲಿ ಒಂದು ಪಾಲನ್ನು ಆ ಕೈಪಿಡಿಯ ಮುದ್ರಣಕ್ಕೂ ಬಡ ವಿದ್ಯಾರ್ಥಿಗಳ ವೇತನಕ್ಕೂ ತೆಗೆದಿಡಲಿ. ಕಲ್ಲಿನ ಮೇಲಣ ಹೆಸರನ್ನು ಓದುವವರು ಕೆಲವರು. ಅರಿತು ಕೆಲಸ ಮಾಡುವ ಒಬ್ಬ ತಂತ್ರಜ್ಞನಿಂದ ರಕ್ಷಣೆ ಪಡೆಯುವವರಾದರೋ ಸಾವಿರಾರು. ಅವರಿಗೆ ಆ ರಕ್ಷಣೆ ದೊರೆತುದೇ ತಿಳಿಯದು. ದಾನಕ್ಕೆ ಇದಕ್ಕಿಂತ ಯೋಗ್ಯವಾದ ನೆಲೆ ಬೇರೊಂದಿಲ್ಲ.