ನೇಗಿಲಿನ ನೆಂಟರು

ದಾವಣಗೆರೆಯಿಂದ ಹರಿಹರದವರೆಗೆ ಭದ್ರಾ ನಾಲೆಯ ನೀರುಂಡ ಗದ್ದೆಗಳನ್ನು ಇಂದು ಬಹುಮಟ್ಟಿಗೆ ಟ್ರ್ಯಾಕ್ಟರು ಉಳುತ್ತದೆ. ಮರದ ನೇಗಿಲು ಕೊಟ್ಟಿಗೆಯ ಮೂಲೆಯನ್ನು ಸೇರಿದೆ. ರೈತನು ಕೈಯಲ್ಲಿ ಹಿಡಿಯುವ ಮೇಣಿ, ನೊಗಕ್ಕೆ ಸೇರುವ ಈಸು, ಮಣ್ಣನ್ನು ಸೀಳುವ ಕುಳ ಎಂಬ ಹೆಸರುಗಳೂ ಮಕ್ಕಳ ನಾಲಗೆಯಿಂದ ಜಾರುತ್ತಿವೆ. ಉಪಕರಣವೇ ಹೋದ ಮೇಲೆ ಹೆಸರಿನಿಂದ ಏನು ಪ್ರಯೋಜನ ಎಂದು ಕೇಳುವವರುಂಟು. ಈ ಪ್ರಶ್ನೆಗೆ ನೇಗಿಲು ಎಂಬ ಪದವೇ ಉತ್ತರ ಹೇಳಬಲ್ಲದು.

ಈ ಪದ ಒಂಟಿಯಲ್ಲ. ಕೊಡವ ಭಾಷೆಯ ನೇಂಗಿ, ತುಳುವಿನ ನಾಯೆರ್, ತೆಲುಗಿನ ನಾಗಲಿ, ತಮಿಳಿನ ಞಾಂಚಿಲ್ ಇವೆಲ್ಲ ಅದರ ನೆಂಟರು. ಬರೋ ಮತ್ತು ಎಮೆನೋ ಎಂಬ ವಿದ್ವಾಂಸರು 1961ರಲ್ಲಿ ಪ್ರಕಟಿಸಿದ ದ್ರಾವಿಡ ಜ್ಞಾತಿಪದಕೋಶದಲ್ಲಿ ಇಂತಹ ಬಂಧುಗಳನ್ನು ಒಂದೆಡೆ ಸೇರಿಸಿದ್ದಾರೆ. ಮೇಲ್ನೋಟಕ್ಕೆ ಞಾಂಚಿಲ್ ಮತ್ತು ನೇಗಿಲು ಬೇರೆ ಬೇರೆಯೆಂದು ತೋರಬಹುದು. ಆದರೆ ತಮಿಳಿನ ಞಾಯಿಱು ಕನ್ನಡದಲ್ಲಿ ನೇಸರು. ಅಲ್ಲಿಯ ಞಾಲ್ ಇಲ್ಲಿ ನೇಲು. ಹಾಗೆಯೇ ಅಲ್ಲಿಯ ಚೆವಿ ಇಲ್ಲಿ ಕಿವಿ. ಚೇರಿ ಇಲ್ಲಿ ಕೇರಿ. ಅಲ್ಲಿಯ ಞಾಕಾರಕ್ಕೆ ಇಲ್ಲಿ ನೇಕಾರ, ಚಕಾರಕ್ಕೆ ಕಕಾರ ಅಥವಾ ಗಕಾರ ಬರುವುದು ಆಕಸ್ಮಿಕವಲ್ಲ, ನಿಯಮ. ಪದಗಳ ರಕ್ತಸಂಬಂಧವನ್ನು ನಿರ್ಣಯಿಸುವುದು ಇಂತಹ ನಿಯಮವೇ ಹೊರತು ಬರಿಯ ಹೋಲಿಕೆಯಲ್ಲ.

ನೇಗಿಲಿನ ನೆಂಟಸ್ತನ ಇಲ್ಲಿಗೇ ಮುಗಿಯುವುದಿಲ್ಲ. ಋಗ್ವೇದದಲ್ಲಿ ಲಾಂಗಲ ಎಂಬ ಪದವಿದೆ. ನೇಗಿಲನ್ನು ಹಿಡಿದ ಬಲರಾಮನಿಗೆ ಲಾಂಗಲಿ ಎಂಬ ಹೆಸರುಂಟು. ಮರಾಠಿಯಲ್ಲಿ ಅದು ನಾಂಗರ. ಕಡಲಾಚೆಯ ಮಲಯ ಭಾಷೆಯಲ್ಲಿ ತೆಂಗಾಲ. ಸಂಸ್ಕೃತವು ಇದನ್ನು ದ್ರಾವಿಡದಿಂದ ಪಡೆಯಿತೆಂದು ಕೆಲವರು ಹೇಳಿದರೆ, ಮುಂಡಾ ಭಾಷೆಗಳ ಬಳಗವೇ ಎಲ್ಲರಿಗೂ ಇದನ್ನು ಕೊಟ್ಟಿತೆಂದು ಇನ್ನು ಕೆಲವರು ವಾದಿಸುತ್ತಾರೆ. ಆದುದರಿಂದ 'ಎಲ್ಲವೂ ನಮ್ಮಿಂದಲೇ ಹೋಯಿತು' ಎಂಬ ಹೆಮ್ಮೆಯೂ, 'ಕನ್ನಡದಲ್ಲಿರುವುದೆಲ್ಲ ಸಾಲ' ಎಂಬ ಕೀಳರಿಮೆಯೂ ಸಮನಾಗಿ ಸಲ್ಲದವು. ಉಳುವ ಜನರು ಒಬ್ಬರಿಂದೊಬ್ಬರು ವಿದ್ಯೆಯನ್ನು ಕಲಿತರು. ವಿದ್ಯೆಯೊಡನೆ ಮಾತೂ ನಡೆದು ಬಂದಿತು.

ಟ್ರ್ಯಾಕ್ಟರನ್ನು ಬೇಡವೆನ್ನುವುದು ಅವಿವೇಕ; ಅದು ರೈತನ ಬೆನ್ನಿನ ಭಾರವನ್ನು ಇಳಿಸಿದೆ. ಆದರೆ ಕೃಷಿಯ ಪದಗಳನ್ನು ಮರೆಯುವುದು ಅದಕ್ಕೆ ತೆರಬೇಕಾದ ಬೆಲೆಯಲ್ಲ. ಶಾಸನವಿಲ್ಲದ ಊರಿನಲ್ಲಿಯೂ ಸಾವಿರಾರು ವರ್ಷಗಳ ಚರಿತ್ರೆಯನ್ನು ಇಂತಹ ಒಂದು ಮಾತು ಕಾಯ್ದಿರುತ್ತದೆ. ಹಿರಿಯರಿರುವಾಗಲೇ ಅವರಿಂದ ಮೇಣಿ, ಈಸು, ಕುಳಗಳ ಹೆಸರನ್ನು ಕೇಳಿ ಬರೆದಿಡುವುದು ಪ್ರತಿಯೊಬ್ಬ ವಿದ್ಯಾರ್ಥಿಯಿಂದಲೂ ಸಾಧ್ಯ. ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ನಿಂತಿರುವ ಹರಿಹರದ ನೆರೆಯವರಿಗೆ, ಹಲವು ಭಾಷೆಗಳು ಒಂದೇ ಪದದಲ್ಲಿ ಕೂಡಿರುವುದನ್ನು ಅರಿಯುವುದು ಕಷ್ಟವಾಗಲಾರದು.